ಮೈಸೂರಿಗೆ ಕಾರು ಮಾಡಿದ್ದು

ಮೊನ್ನೆ ಅಟ್ಟದ ಮೇಲಿನ ರದ್ದಿ ಇಳಿಸುತ್ತಿದ್ದಾಗ ಒಂದು ಹಳೆಯ ಪಂಚಾಂಗದ ಒಳಗಿನಿಂದ ಮೂರು ವಿಸಿಟಿಂಗ್ ಕಾರ್ಡುಗಳು ಉದುರಿದವು. ಮೂರೂ ಬಾಡಿಗೆ ಕಾರಿನ ಟ್ರಾವೆಲ್ಸ್‌ನವರವು. ಒಂದರ ಮೇಲೆ ತಿರುಪತಿ ತಿಮ್ಮಪ್ಪ, ಇನ್ನೊಂದರ ಮೇಲೆ ಗಣೇಶ, ಮೂರನೆಯದರ ಮೇಲೆ ದೇವರಿಗೆ ಜಾಗವಿಲ್ಲದಷ್ಟು ದೊಡ್ಡ ಅಂಬಾಸಿಡರ್ ಕಾರು. ಮೂರರ ಬೆನ್ನಿನ ಮೇಲೂ ಅಪ್ಪನ ದುಂಡು ಅಕ್ಷರದಲ್ಲಿ ಒಂದೇ ಪದ: ‘ವಿಚಾರಿಸುವುದು’. ಹಳೆಯ ಕೈಬರಹ ಕಂಡರೆ ಕಣ್ಣು ತುಂಬಿ ಬರಬೇಕು ಎನ್ನುತ್ತಾರೆ. ನನಗೆ ಮೈ ಉರಿಯಿತು.

ನಮ್ಮ ಶಂಕರಪುರದ ಜನ ನಿಮಗೆ ಗೊತ್ತಲ್ಲ. ಮಗಳ ಮದುವೆಯನ್ನು ಒಂದು ಜಾತಕ, ಒಂದು ತಟ್ಟೆ ಉಪ್ಪಿಟ್ಟು, ಇಷ್ಟರಲ್ಲಿ ಮುಗಿಸಿಬಿಡುತ್ತಾರೆ. ಬಾಡಿಗೆ ಕಾರು ಗೊತ್ತುಮಾಡುವಾಗ ಮಾತ್ರ ಅವರಿಗೆ ಎಲ್ಲಿಲ್ಲದ ವಿವೇಕ ಉಕ್ಕುತ್ತದೆ. ಹುಡುಗ ಯಾರು, ಏನು ಎಂದು ಕೇಳದವರು ಡ್ರೈವರ್ ಯಾರು, ಮಧ್ಯಾಹ್ನ ಏನು ಉಣ್ಣುತ್ತಾನೆ, ಎಷ್ಟು ವರ್ಷದಿಂದ ಓಡಿಸುತ್ತಿದ್ದಾನೆ, ಮುಖ್ಯವಾಗಿ ‘ನಮ್ಮವನೇನ್ರೀ’ ಎಂದೆಲ್ಲ ಕೇಳುತ್ತಾರೆ. ಸ್ಟೀರಿಂಗು ಹಿಡಿಯುವುದಕ್ಕೂ ಗೋತ್ರಕ್ಕೂ ಏನು ಸಂಬಂಧವೋ ನಾನಂತೂ ಇವತ್ತಿನವರೆಗೆ ಕಾಣೆ. ಕೇಳಿ ಬಂದವರು ಕಾರು ಗೊತ್ತುಮಾಡುತ್ತಾರೆಯೇ ಎಂದರೆ ಅದೂ ಇಲ್ಲ. ಕಾರ್ಡು ಈಸಿಕೊಂಡು ಬಂದು ಪಂಚಾಂಗದೊಳಗೆ ಇಟ್ಟು, ಬೆನ್ನಿನ ಮೇಲೆ ‘ವಿಚಾರಿಸುವುದು’ ಎಂದು ಬರೆಯುತ್ತಾರೆ.

ಈ ವಿದ್ಯೆಯಲ್ಲಿ ನಮ್ಮ ಮನೆಯದು ದೊಡ್ಡ ಹೆಸರು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಯಾವ ಕೆಲಸವನ್ನೂ ಇವತ್ತೇ ಮಾಡದಿರುವುದರಲ್ಲಿ ಸರ್ಕಾರವೇ ಅವರಿಗೆ ತರಬೇತಿ ಕೊಟ್ಟಿತ್ತು. ಅಮ್ಮನ ಅಣ್ಣ ನಂಜುಂಡ ಮಾವ ಎನ್.ಆರ್. ಕಾಲೋನಿಯಲ್ಲಿದ್ದರು. ಅವರಿಗೆ ಅಪ್ಪ ಹೇಳಿದ್ದನ್ನು ಅಲ್ಲಗಳೆಯುವುದೇ ಸಂಜೆಯ ವಾಯುವಿಹಾರ. ಕಾರನ್ನು ಪರೀಕ್ಷಿಸುವುದಕ್ಕೆ ಅವರದೇ ಒಂದು ವಿಧಾನವಿತ್ತು: ಬಾಗಿಲನ್ನು ಪೂರ್ತಿ ತೆರೆದು ದಡಾರನೆ ಹಾಕಿ, ಕಿವಿಗೊಟ್ಟು ಆ ಸದ್ದನ್ನು ಕೇಳುವುದು. ಗಾಂಧಿಬಜಾರಿನಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುವ ಹಾಗೆ. ಮುರಿದ ಬೆಂಡೆಕಾಯನ್ನು ಅಲ್ಲೇ ಬಿಟ್ಟು ಮುಂದಿನ ಅಂಗಡಿಗೆ ಹೋಗುವ ಹಾಗೆಯೇ ಕಾರನ್ನೂ ಬಿಟ್ಟು ಮುಂದಿನ ಟ್ರಾವೆಲ್ಸಿಗೆ ಹೋಗುತ್ತಿದ್ದರು. ಮೂರನೆಯವರು ಎದುರು ಮನೆಯ ಶೇಷಗಿರಿಯವರು, ನಿವೃತ್ತರು. ಊರಿನಲ್ಲಿ ಎಲ್ಲ ವ್ಯಾಪಾರದಲ್ಲೂ ಅವರಿಗೆ ಒಬ್ಬ ‘ನಮ್ಮ ಪರಿಚಯದವನು’ ಇದ್ದೇ ಇರುತ್ತಿದ್ದ.

ಈ ಮೂವರೂ ನಮ್ಮ ಮನೆಯ ಜಗುಲಿಯ ಮೇಲೆ ಕೂತರೆಂದರೆ ಅಮ್ಮ ಕಾಫಿ ಡಿಕಾಕ್ಷನ್ನಿಗೆ ನೀರಿಡುತ್ತಿದ್ದಳು. ಹತ್ತು ಜನ ಸೇರಿದ ಕಡೆ ಹಾವು ಸಾಯೋಲ್ಲ ಅನ್ನುತ್ತಾರೆ. ನಮ್ಮ ಜಗುಲಿಯ ಮೇಲೆ ಮೂವರೇ ಸಾಕಾಗುತ್ತಿತ್ತು.

ನನ್ನನ್ನೂ ಬಿಡುವುದು ಬೇಡ. ನಾನು ಕಾರಿನ ವಿಷಯದಲ್ಲಿ ಮಾತಾಡಲು ಯೋಗ್ಯತೆಯೇ ಇಲ್ಲದವಳು. ಸಣ್ಣವಳಿದ್ದಾಗ ಕಾರು ಹತ್ತಿದ ಐದು ನಿಮಿಷಕ್ಕೆ ನನಗೆ ಹೊಟ್ಟೆ ತೊಳಸುತ್ತಿತ್ತು. ತಿರುಪತಿಗೆ ಹೋಗಿ ಬಂದದ್ದರಲ್ಲಿ ನನಗೆ ನೆನಪಿರುವುದು ದೇವರಲ್ಲ, ಪ್ಲಾಸ್ಟಿಕ್ ಕವರು. ಯಾವ ಅಂಗಡಿಯ ಕವರಿಗೆ ತೂತಿರುವುದಿಲ್ಲ, ಯಾವುದು ಮೂತಿಗೆ ಸರಿಯಾಗುತ್ತದೆ ಎಂಬ ವಿಷಯದಲ್ಲಿ ನಾನು ಆ ಕಾಲಕ್ಕೇ ಪಂಡಿತೆ. ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಮೂಸಲು ನಿಂಬೆಹಣ್ಣು ಹಿಡಿದು ನಾನು ಕಿಟಕಿಯ ಪಕ್ಕ ಕೂತರೆ, ಉಳಿದವರೆಲ್ಲ ನನ್ನನ್ನು ಬಿಟ್ಟು ಅತ್ತ ಸರಿದು ಕೂರುತ್ತಿದ್ದರು. ನನ್ನ ಪಕ್ಕ ಧೈರ್ಯವಾಗಿ ಕೂರುತ್ತಿದ್ದವರು ಒಬ್ಬರೇ, ವಿಮಲತ್ತೆ.

ವಿಮಲತ್ತೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದರು. ಚಾಮರಾಜಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಮಾಧ್ಯಮಿಕ ತರಗತಿಗಳಿಗೆ ಕನ್ನಡ ಪಾಠ. ಆ ಶಾಲೆಯವರು ಹೊಸದಾಗಿ ಜೂನಿಯರ್ ಕಾಲೇಜು ತೆರೆಯುವವರಿದ್ದರು. ಎಂ.ಎ. ಮುಗಿಸಿಕೊಂಡು ಬಂದರೆ ಕನ್ನಡ ಲೆಕ್ಚರರ್ ಹುದ್ದೆ ನಿಮಗೇ ಎಂದು ಅತ್ತೆಗೆ ಮಾತು ಕೊಟ್ಟಿದ್ದರು. ಅತ್ತೆ ಅಂಚೆ ಮೂಲಕ ಎಂ.ಎ. ಕಟ್ಟಿದರು. ಬೆಳಗ್ಗೆ ಎದ್ದು ಸಾರಿನ ಬೇಳೆ ಬೇಯಲು ಇಟ್ಟು, ಕುಕ್ಕರಿನ ಮುಂದೆಯೇ ಮಣೆ ಹಾಕಿಕೊಂಡು ಓದುತ್ತಿದ್ದರು. ಅವರ ಛಂದಸ್ಸಿನ ಪುಸ್ತಕದಲ್ಲಿ ಅರಿಶಿನದ ಬೆರಳಚ್ಚಿಲ್ಲದ ಪುಟವೇ ಇರಲಿಲ್ಲ. ಎಲ್ಲ ಪತ್ರಿಕೆಗಳೂ ಆಗಿದ್ದವು; ಕಾವ್ಯಮೀಮಾಂಸೆ ಒಂದು ಮಾತ್ರ ಹಿಂದಿನ ವರ್ಷ ಜ್ವರ ಬಂದು ಬರೆಯಲಾಗದೆ ಉಳಿದಿತ್ತು. ಉಳಿಸಿಕೊಂಡವರೆಲ್ಲ ಮೈಸೂರಿಗೇ ಬಂದು ಬರೆಯಬೇಕು ಎಂದು ವಿಶ್ವವಿದ್ಯಾಲಯದವರು ಕಾಗದ ಕಳಿಸಿದ್ದರು. ಇದೇ ಕೊನೆಯ ಅವಕಾಶ, ತಪ್ಪಿದರೆ ಮತ್ತೆ ಮೊದಲ ವರ್ಷದಿಂದ ಕಟ್ಟಬೇಕು. ಕಾಲೇಜಿನವರಂತೂ ಅಲ್ಲಿಯವರೆಗೆ ಕಾಯುವವರಲ್ಲ.

ಕಾಗದ ಬಂದ ದಿನವೇ ಅತ್ತೆ ಹೇಳಿದ್ದರು: “ಅಣ್ಣ, ನಾನು ಭಾನುವಾರವೇ ಬಸ್ಸಲ್ಲಿ ಹೋಗ್ಬಿಡ್ತೀನಿ. ಅಲ್ಲಿ ನನ್ನ ಜೊತೆ ಓದಿದವಳ ಮನೆ ಇದೆ. ರಾತ್ರಿ ಅಲ್ಲಿದ್ದು, ಸೋಮವಾರ ಪರೀಕ್ಷೆ ಬರೆದು ಬಂದ್ಬಿಡ್ತೀನಿ.”

ಇಷ್ಟು ಸರಳವಾದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹೇಳಕೂಡದು. ಅಪ್ಪ ಪೇಪರು ಮಡಿಸಿದರು.

“ಬಸ್ಸಲ್ಲಿ ಕುಲುಕ್ಕೊಂಡು ಹೋದ್ರೆ ಓದಿದ್ದೆಲ್ಲ ರಾಮನಗರದಲ್ಲೇ ಉದುರಿಹೋಗುತ್ತೆ. ಎಂ.ಎ. ಪರೀಕ್ಷೆ ಅಂದ್ರೆ ಹುಡುಗಾಟವಾ? ಬೇರೆಯವರ ಮನೇಲಿ ಯಾಕೆ ಇರ್ಬೇಕು? ನಾವೇನು ಸತ್ತು ಹೋಗಿದೀವಾ? ಕಾರು ಮಾಡ್ಕೊಂಡು ಹೋಗೋಣ.”

ಅತ್ತೆ ಅಮ್ಮನ ಮುಖ ನೋಡಿದರು. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು.

ಅಲ್ಲಿಂದ ಶುರುವಾಯಿತು ನೋಡಿ, ಕಾರು ಎಲ್ಲಿ ಮಾಡಬೇಕು ಎಂಬ ಮಹಾಚರ್ಚೆ. ಅಪ್ಪನ ವೋಟು ಚಾಮರಾಜಪೇಟೆಯ ಒಂದು ಟ್ರಾವೆಲ್ಸಿಗೆ. ಅದರ ಮಾಲೀಕ ಹಣೆಗೆ ಢಾಳಾಗಿ ಗಂಧ ಹಚ್ಚಿಕೊಂಡು, ಬಂದವರಿಗೆಲ್ಲ “ನಮ್ಮ ಗಾಡಿ ಅಂದ್ರೆ ನಿಮ್ಮನೆ ಗಾಡಿ ಇದ್ದಂಗೆ ಸಾರ್” ಎನ್ನುತ್ತಿದ್ದ. ಅದನ್ನು ಅಪ್ಪ ಪೂರ್ತಿ ನಂಬಿದ್ದರು. ನಂಜುಂಡ ಮಾವ ಹೋಗಿ ಬಾಗಿಲು ಹಾಕಿ ಕೇಳಿ ಬಂದು, “ಭಾವ, ಡಬ್ಬ ಅದು. ತಗಡು ಸೌಂಡು ಬರುತ್ತೆ. ನಮ್ಮ ಕಾಲೋನೀಲಿ ಒಬ್ಬನಿದಾನೆ, ಅವನ ಗಾಡಿ ಬಾಗಿಲು ಹಾಕಿದ್ರೆ ಬ್ಯಾಂಕಿನ ಲಾಕರ್ ಹಾಕ್ದಂಗೆ ಇರುತ್ತೆ” ಎಂದರು. ಅಪ್ಪ ಆ ಲಾಕರನ್ನು ವಿಚಾರಿಸಲು ಎನ್.ಆರ್. ಕಾಲೋನಿಗೆ ನಡೆದು ಹೋದರು. ಡ್ರೈವರು ಬೀಡಿ ಸೇದುತ್ತಿದ್ದನಂತೆ. “ಬೀಡಿ ಸೇದೋನ ಗಾಡೀಲಿ ಹೆಣ್ಮಕ್ಕಳನ್ನ ಕೂರ್ಸಿ ಕಳ್ಸೋದಾ?” ಎಂದು ಬಂದು ಅಪ್ಪ ಉಪ್ಪರಿಗೆಯಷ್ಟು ಎತ್ತರದ ನೈತಿಕತೆಯ ಮೇಲೆ ಕೂತರು. ಸ್ವತಃ ಅಪ್ಪ ನಶ್ಯದ ಡಬ್ಬಿ ಇಲ್ಲದೆ ಸಂಧ್ಯಾವಂದನೆಗೂ ಕೂರುತ್ತಿರಲಿಲ್ಲ.

ಹೀಗೆ ಸಂಜೆಗಳು ಕಳೆದವು. ಆಗಾಗ ಅತ್ತೆ ಒಳಗಿನಿಂದ ಬಂದು, “ಅಣ್ಣ, ಬುಕ್ ಮಾಡಿದ್ರಾ?” ಎಂದು ಕೇಳುತ್ತಿದ್ದರು. “ನೀನು ಓದ್ಕೋ ಹೋಗು. ಅದೆಲ್ಲ ನಮ್ಮ ತಲೆನೋವು” ಎನ್ನುತ್ತಿದ್ದರು ಅಪ್ಪ. ತಲೆಯೇ ಇಲ್ಲದ ಕಡೆ ನೋವು ಎಲ್ಲಿಂದ ಬಂತು ಎಂದು ನಾನು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದೆ. ಆಗ ನಾನು ಪದವಿಯ ಮೊದಲ ವರ್ಷದಲ್ಲಿದ್ದೆ; ಮನಸ್ಸಿನಲ್ಲಿ ಮಾತ್ರ ಧೈರ್ಯವಿದ್ದ ವಯಸ್ಸು.

ಇನ್ನೊಂದು ರೋಗವೂ ಹತ್ತಿಕೊಂಡಿತು. ಕಾರು ಎಂದಮೇಲೆ ಸೀಟು ಖಾಲಿ ಬಿಡಬಾರದು ಎಂಬುದು ನಮ್ಮ ಜನದ ಧರ್ಮ. ಒಬ್ಬರು ಪರೀಕ್ಷೆಗೆ ಹೋಗಬೇಕೆಂದರೆ ಜೊತೆಗೆ ಐವರು ಹೊರಟರು. ಹೆಣ್ಣುಮಗಳೊಬ್ಬಳೇ ಹೇಗೆ ಎಂದು ಅಮ್ಮ, ಬೆಟ್ಟಕ್ಕೆ ಹೋಗಿ ಎಷ್ಟು ದಿನವಾಯಿತು ಎಂದು ಅಪ್ಪ, ಶ್ರೀರಂಗಪಟ್ಟಣದಲ್ಲಿ ಒಂದು ಹರಕೆ ಇದೆ ಎಂದು ನಂಜುಂಡ ಮಾವ, ಪರಿಚಯದವರೊಬ್ಬರನ್ನು ನೋಡಬೇಕು ಎಂದು ಶೇಷಗಿರಿಯವರು. ಕವರು, ನಿಂಬೆಹಣ್ಣಿನ ಸಮೇತ ನಾನು, ಅದೂ ಅತ್ತೆ ಒತ್ತಾಯ ಮಾಡಿದ್ದಕ್ಕೆ. ಅವರಿಗೆ ದಾರಿಯಲ್ಲಿ ಪುಸ್ತಕ ಹಿಡಿದು ಪ್ರಶ್ನೆ ಕೇಳುವವರು ಬೇಕಿತ್ತು.

ಕೊನೆಗೆ ಶುಕ್ರವಾರ ಶೇಷಗಿರಿಯವರು ಬಳೇಪೇಟೆಯಿಂದ ಗೆದ್ದವರ ಹಾಗೆ ಬಂದರು.

“ರಾಯರೇ, ನಿಮ್ಮ ಚಾಮರಾಜಪೇಟೇನೂ ಬೇಡ, ಅವರ ಎನ್.ಆರ್. ಕಾಲೋನೀನೂ ಬೇಡ. ಬೆಂಗಳೂರಿನ ಗಾಡೀನೇ ಯಾಕೆ ಬೇಕು ಅಂತೀನಿ! ಇಲ್ಲಿಂದ ಕಾರು ಮಾಡಿದ್ರೆ ಹೋಗೋದಕ್ಕೂ ಕೊಡ್ಬೇಕು, ಬರೋದಕ್ಕೂ ಕೊಡ್ಬೇಕು. ಮೈಸೂರಿನ ಗಾಡಿ ಹಿಡೀಬೇಕು. ಬಳೇಪೇಟೇಲಿ ನಮ್ಮ ಪರಿಚಯದವನ ಅಂಗಡಿಗೆ ಮೈಸೂರಿನ ಬಳೆ ವ್ಯಾಪಾರಿ ಕಾರಲ್ಲಿ ಬಂದಿದಾನೆ. ಅವನು ಮದುವೇಗೆ ಅಂತ ಇಲ್ಲೇ ಉಳ್ಕೋತಾನೆ, ಗಾಡಿ ಸೋಮವಾರ ಖಾಲಿ ವಾಪಸ್ ಹೋಗುತ್ತೆ. ರಿಟರ್ನ್ ಗಾಡಿ! ಅರ್ಧಕ್ಕರ್ಧ ಉಳೀತು.”

ಅಪ್ಪ ಮತ್ತು ನಂಜುಂಡ ಮಾವ ಜೀವಮಾನದಲ್ಲಿ ಮೊದಲ ಬಾರಿಗೆ ಒಂದೇ ಮಾತಿಗೆ ಒಪ್ಪಿದರು. ಆ ಒಪ್ಪಿಗೆಯ ಸಂಭ್ರಮ ಹೇಗಿತ್ತೆಂದರೆ, ಮೈಸೂರಿನ ಕಾರು ಮೈಸೂರು ಸೇರಿದ ಮೇಲೆ ಮೈಸೂರಿನಲ್ಲೇ ನಿಂತುಬಿಡುತ್ತದೆ, ನಾವು ವಾಪಸ್ ಬರುವುದು ಹೇಗೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ಅತ್ತೆಗೆ. “ಬರೋದು ಹೇಗೆ ಅಣ್ಣ?” ಎಂದರು. “ಮೊದಲು ಹೋಗೋದನ್ನ ನೋಡು” ಎಂದು ಅಪ್ಪ ಗದರಿದರು.

ರಿಟರ್ನ್ ಗಾಡಿ ಎಂದರೆ ನಮ್ಮ ಹೊತ್ತಿಗೆ ಬರುವ ಗಾಡಿಯಲ್ಲ, ಅದರ ಹೊತ್ತಿಗೆ ನಾವು ಹೊರಡಬೇಕಾದ ಗಾಡಿ. ಡ್ರೈವರು ಎಂಟು ಗಂಟೆಗೆ ಬರುತ್ತೇನೆಂದ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಪರೀಕ್ಷೆ ಎರಡು ಗಂಟೆಗೆ; ಒಂಬತ್ತರ ಮೇಲೆ ಹೊರಟರೆ ತಡವಾಗುತ್ತದೆ, ರಾಹುಕಾಲದಲ್ಲಿ ಹೊರಟರೆ ಕೆಡುತ್ತದೆ. ಇಂಥ ಸಂಕಟಕ್ಕೆ ನಮ್ಮ ಹಿರಿಯರು ಪರಸ್ಥಾನ ಎಂಬ ಒಂದು ಉಪಾಯ ಕಂಡುಹಿಡಿದಿದ್ದಾರೆ. ಪ್ರಯಾಣ ಹೊರಡುವವರ ಒಂದು ಗಂಟನ್ನೋ ಚೀಲವನ್ನೋ ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಬೇರೆ ಮನೆಯಲ್ಲಿ ಒಯ್ದು ಇಡುವುದು. ಚೀಲ ಹೊರಟಿತು ಎಂದಮೇಲೆ ಯಜಮಾನರೂ ಹೊರಟ ಲೆಕ್ಕ. ಆಮೇಲೆ ಯಾವ ಗಳಿಗೆಯಲ್ಲಿ ಬೇಕಾದರೂ ಮನೆ ಬಿಟ್ಟು, ಆ ಚೀಲವನ್ನು ದಾರಿಯಲ್ಲಿ ಎತ್ತಿಕೊಂಡು ಹೋಗಬಹುದು. ರಾಹುವಿನ ಕಣ್ಣಿಗೆ ಮಣ್ಣೆರಚುವ ಈ ಜಾಣತನ ನನಗೆ ಇಷ್ಟವೇ. ರಾಹುವೂ ನಮ್ಮ ಕಚೇರಿಗಳ ಹಾಗೆ, ಹಾಜರಿ ಪುಸ್ತಕ ಸರಿಯಿದ್ದರೆ ಮುಗಿಯಿತು ಎಂದು ನಂಬಿದ ಜನ ನಾವು.

ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಅಪ್ಪ ಪಂಚಾಂಗ ನೋಡಿ ಗಳಿಗೆ ಹೇಳಿದರು. ಅತ್ತೆಯ ಕರಿಯ ರೆಕ್ಸಿನ್ ಚೀಲ ಶೇಷಗಿರಿಯವರ ಮನೆಗೆ ಹೋಯಿತು. ಚೀಲದಲ್ಲಿ ಎರಡು ಪೆನ್ನು, ಪುಸ್ತಕ, ಒಂದು ನೀರಿನ ಬಾಟಲಿ, ಹಾಲ್ ಟಿಕೆಟ್ಟು. ಪರೀಕ್ಷೆಗೆ ಸಂಬಂಧಿಸಿದ ಚೀಲವೇ ಹೋಗಬೇಕು, ಆಗಲೇ ಫಲ ಎಂದು ಅಪ್ಪನ ಹಟ. ಅತ್ತೆ, “ಹಾಲ್ ಟಿಕೆಟ್ ನನ್ನ ಹತ್ರ ಇರ್ಲಿ ಅಣ್ಣ” ಎಂದರು. “ಒಂದು ಸಲ ಕಟ್ಟಿದ್ದನ್ನ ಬಿಚ್ಬಾರ್ದು” ಎಂದರು ಅಪ್ಪ. ಪರಸ್ಥಾನದ ಚೀಲವನ್ನು ಮತ್ತೆ ಮನೆಯೊಳಕ್ಕೆ ತರುವ ಹಾಗೂ ಇಲ್ಲ.

ಬೆಳಗ್ಗೆ ಎಂಟಕ್ಕೆ ಬರಬೇಕಾದ ಕಾರು ಬಂದಾಗ ಒಂಬತ್ತಾಗುತ್ತ ಬಂದಿತ್ತು, ಅಂದರೆ ರಾಹುಕಾಲವೇ ಮುಗಿಯುತ್ತ ಬಂದಿತ್ತು. ಪರಸ್ಥಾನ ಇಡದಿದ್ದರೂ ನಡೆಯುತ್ತಿತ್ತು. ನಂಜುಂಡ ಮಾವ ಮೊದಲು ಬಾಗಿಲು ಹಾಕಿ ನೋಡಿದರು. ಬಾಗಿಲಿನ ಸದ್ದಿನ ಜೊತೆಗೆ ಹಿಂದಿನಿಂದ ಗಲಗಲ ಎಂದು ಇನ್ನೊಂದು ಸದ್ದು ಬಂತು.

“ಏನಪ್ಪಾ ಅದು?”

“ಬಳೆ ಸಾರ್. ಡಿಕ್ಕಿ ಪೂರ್ತಿ ಬಳೆ. ಗಾಜಿಂದು. ನಮ್ ಓನರ್ದು, ಅಂಗಡಿಗೆ ಇಳಿಸ್ಬೇಕು.”

“ಖಾಲಿ ಗಾಡಿ ಅಂದ್ರಲ್ರೀ!” ಎಂದು ಅಪ್ಪ ಶೇಷಗಿರಿಯವರ ಕಡೆ ತಿರುಗಿದರು.

“ಒಳಗೆ ಖಾಲಿಯೇ ಅಲ್ವೇ ರಾಯರೇ? ಡಿಕ್ಕೀಲಿ ನಾವೇನು ಕೂರ್ತೀವಾ?” ಎಂದರು ಶೇಷಗಿರಿಯವರು.

ಡಿಕ್ಕಿಯಲ್ಲಿ ಬಳೆ ಇದ್ದದ್ದರಿಂದ ನಮ್ಮ ಸಾಮಾನೆಲ್ಲ ತೊಡೆಯ ಮೇಲೆ ಬಂತು. ಊಟದ ಬುತ್ತಿ ಅಮ್ಮನ ತೊಡೆಗೆ, ಹರಕೆಯ ತೆಂಗಿನಕಾಯಿ ಮಾವನ ತೊಡೆಗೆ. ಮುಂದೆ ಡ್ರೈವರ್ ಪಕ್ಕ ಅಪ್ಪ, ಶೇಷಗಿರಿಯವರು. ಹಿಂದೆ ಮಾವ, ಅಮ್ಮ, ಅತ್ತೆ, ನಾನು. ಈ ಗಲಾಟೆಯಲ್ಲಿ ಅತ್ತೆ, “ಚೀಲ?” ಎಂದು ಕೇಳಿದರು. “ಶೇಷಗಿರಿಯವರೇ, ಪರಸ್ಥಾನ ತಂದ್ರಾ?” ಎಂದರು ಅಪ್ಪ. ಶೇಷಗಿರಿಯವರು ತಮ್ಮ ತೊಡೆಯ ಮೇಲಿದ್ದ ಚೀಲವನ್ನು ತಟ್ಟಿ, “ಎಲ್ಲಾ ಇದೆ, ಹೊರಡಿ” ಎಂದರು. ಮುಂದಿನ ಸೀಟಿನ ಬೆನ್ನು ಎತ್ತರ. ಅತ್ತೆಗೆ ಅದು ಕಾಣಲಿಲ್ಲ; ಪಕ್ಕದಲ್ಲೇ ಇದ್ದ ಅಪ್ಪ ನೋಡಲಿಲ್ಲ.

ಬಿಡದಿ ದಾಟುವಾಗ ಅತ್ತೆ ಪುಸ್ತಕಕ್ಕೆಂದು ಕೈ ಚಾಚಿದರು. ಮುಂದಿನಿಂದ ಬಂದ ಚೀಲದಲ್ಲಿ ಶೇಷಗಿರಿಯವರ ಪಂಚೆ, ಟವೆಲ್ಲು, ಮತ್ತು ಪರಿಚಯದವರಿಗೆ ಒಯ್ಯುತ್ತಿದ್ದ ಹುರಿಗಾಳಿನ ಪೊಟ್ಟಣ ಇದ್ದವು. ಪರಸ್ಥಾನದ ಚೀಲ ಅವರ ಮನೆಯ ದೇವರ ಕೋಣೆಯಲ್ಲಿ ಸುಖವಾಗಿ ಕೂತಿತ್ತು. ಅವರ ಹೆಂಡತಿ ಮಗಳ ಮನೆಗೆ ಹೋಗಿದ್ದರು. ಮನೆಗೆ ಬೀಗ. ಬೀಗದ ಕೈ ಅವರ ಉಡಿದಾರದಲ್ಲಿ, ಉಡಿದಾರ ಬಿಡದಿಯಲ್ಲಿ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅತ್ತೆಯೂ ಅದನ್ನೇ ಹೇಳಿದರು: “ನನ್ನನ್ನ ಇಲ್ಲೇ ಇಳಿಸ್ಬಿಡಿ. ಬರೋ ಬಸ್ ಹತ್ಕೊಂಡು ಹೋಗ್ತೀನಿ. ಹಾಲ್ ಟಿಕೆಟ್ ಇಲ್ದಿದ್ರೂ ಅಲ್ಲಿ ಯಾರನ್ನಾದ್ರೂ ಕೇಳ್ಕೋತೀನಿ. ನಂಬರ್ ನಂಗೆ ಬಾಯಿಪಾಠ ಇದೆ.”

ಕಾರು ಒಂದು ಹುಣಿಸೇಮರದ ಕೆಳಗೆ ನಿಂತಿತು. ಮೂವರೂ ಇಳಿದರು. ಪರೀಕ್ಷೆ, ಅದರ ಹೊತ್ತು, ಎಲ್ಲವೂ ಮರೆತುಹೋಗಿ ಮೂಲ ಪ್ರಶ್ನೆ ಮತ್ತೆ ಎದ್ದಿತು.

“ನಾನು ಮೊದ್ಲೇ ಹೇಳ್ದೆ, ಚಾಮರಾಜಪೇಟೆ ಗಾಡಿ ಮಾಡೋಣ ಅಂತ. ಡಿಕ್ಕಿ ಖಾಲಿ ಇದ್ದಿದ್ರೆ ಸಾಮಾನು ಎಣಿಸಿ ಇಡ್ತಿದ್ವಿ” ಎಂದರು ಅಪ್ಪ.

“ತಗಡು ಗಾಡಿ ಮಾಡಿದ್ರೆ ಬಿಡದಿಗೂ ಬರ್ತಿರ್ಲಿಲ್ಲ ಭಾವ” ಎಂದರು ಮಾವ.

“ಗಾಡೀದೇನ್ರೀ ತಪ್ಪು? ಗಾಡಿ ಚೆನ್ನಾಗೇ ಬಂತಲ್ಲ” ಎಂದರು ಶೇಷಗಿರಿಯವರು.

ಅವರ ಬೆನ್ನ ಹಿಂದೆ ಒಂದು ಮೈಸೂರು ಬಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೋಯಿತು. ಅತ್ತೆ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟರು. ಅಪ್ಪ ತಿರುಗಿ ನೋಡಿ, “ನಾವಿಷ್ಟು ಜನ ಗಂಡಸರು ಇರೋದು ಯಾಕೆ? ಕೂತ್ಕೋ” ಎಂದರು. ಯಾಕೆ ಇದ್ದಾರೆ ಎಂಬುದಕ್ಕೆ ಆಗಲೂ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಣ್ಣನ ಮನೆಯಲ್ಲಿ ಉಂಡು ಬೆಳೆದ ತಂಗಿ ಕಾಲನ್ನು ಒಳಗೆ ತೆಗೆದುಕೊಂಡರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಹುಣಿಸೇಮರದ ಕೆಳಗೆ ಅದನ್ನು ಕಣ್ಣಾರೆ ನೋಡಿದೆ.

ಶಂಕರಪುರಕ್ಕೆ ವಾಪಸ್ ಬಂದೆವು. ಚೀಲ ಸಿಕ್ಕಿತು. ಅಷ್ಟಕ್ಕೇ ಹೊರಡಬಹುದಿತ್ತು. ಹೊರಟ ಮೇಲೆ ಅರ್ಧ ದಾರಿಯಿಂದ ಹಿಂತಿರುಗಿದವರು ಮನೆಯೊಳಗೆ ಹೋಗಿ, ಕೈಕಾಲು ತೊಳೆದು, ಕೂತು ನೀರು ಕುಡಿದೇ ಮತ್ತೆ ಹೊರಡಬೇಕು ಎಂದು ಮಾವ ನೆನಪಿಸಿದರು. ನೀರು ಕುಡಿದೆವು. ಬರಿಯ ನೀರು ಹೇಗೆ ಎಂದು ಶೇಷಗಿರಿಯವರು ಕೇಳಿದ್ದರಿಂದ ಕಾಫಿಯೂ ಆಯಿತು. ಅತ್ತೆ ಆ ಹೊತ್ತಿನಲ್ಲೆಲ್ಲ ಚೀಲವನ್ನು ಎದೆಗೊತ್ತಿಕೊಂಡು ಕಾರಿನಲ್ಲೇ ಕೂತಿದ್ದರು. ಇಳಿಯಲಿಲ್ಲ. ಶಾಸ್ತ್ರಕ್ಕಾದರೂ ಬಾ ಎಂದು ಅಪ್ಪ ಕರೆದರೂ ಇಲ್ಲ.

ಎರಡನೆಯ ಸಲ ಹೊರಟಾಗ ಡ್ರೈವರು ಚುರುಕಾಗುತ್ತಾನೆ ಎಂದುಕೊಂಡೆ. ಅವನು ಎತ್ತಿನ ಗಾಡಿಯನ್ನು ನಾಚಿಸುವ ಹಾಗೆ ಓಡಿಸಿದ. “ಸ್ವಲ್ಪ ಬೇಗ ಹೋಗಪ್ಪ” ಎಂದು ಅಮ್ಮ ಬಾಯಿಬಿಟ್ಟು ಕೇಳಿದಳು. “ಗಾಜಿನ್ ಬಳೆ ಅಮ್ಮಾ. ಒಂದು ಒಡೆದ್ರೂ ನಮ್ ಓನರ್ ನನ್ ಚರ್ಮ ಸುಲೀತಾರೆ” ಎಂದ. ಪ್ರತಿ ಹಳ್ಳಕ್ಕೂ ಹಿಂದಿನಿಂದ ಗಲಗಲ, ಪ್ರತಿ ಗಲಗಲಕ್ಕೂ ಅವನ ಕಾಲು ಬ್ರೇಕಿನ ಮೇಲೆ. ಅವನನ್ನು ಬೈದು ಪ್ರಯೋಜನವಿಲ್ಲ. ಅವನು ತನ್ನ ಯಜಮಾನನ ಸಾಮಾನನ್ನು ಜೋಪಾನ ಮಾಡುತ್ತಿದ್ದ. ನಮ್ಮ ಕಾರಿನಲ್ಲಿ ಅತ್ತೆಯ ಸಾಮಾನನ್ನು ಜೋಪಾನ ಮಾಡುವವರು ಇರಲಿಲ್ಲ, ಅಷ್ಟೆ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸೋಣವೇ ಎಂದು ಶೇಷಗಿರಿಯವರು ಕೇಳಿದಾಗ ಅಮ್ಮ ಅವರನ್ನು ನೋಡಿದ ನೋಟಕ್ಕೆ ವಡೆಯ ಮಾತು ಅಲ್ಲಿಗೇ ನಿಂತಿತು. ನನಗೆ ಆ ದಿನ ಹೊಟ್ಟೆ ತೊಳಸಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು.

ಮೈಸೂರಿನಲ್ಲಿ ಪರೀಕ್ಷಾಕೇಂದ್ರವಾಗಿದ್ದ ಕಾಲೇಜಿನ ಗೇಟು ಮುಟ್ಟಿದಾಗ ಪರೀಕ್ಷೆ ಶುರುವಾಗಿ ಒಂದು ಗಂಟೆಯ ಮೇಲಾಗಿತ್ತು. ಅರ್ಧ ಗಂಟೆಯ ಮೇಲೆ ಯಾರನ್ನೂ ಬಿಡುವ ಹಾಗಿಲ್ಲ ಎಂದರು. ಅಪ್ಪ ತಾವು ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್ ಎಂದು ಹೇಳಿ ನೋಡಿದರು. ಶೇಷಗಿರಿಯವರು ಆ ಕಾಲೇಜಿನಲ್ಲಿ ತಮಗೆ ಯಾರಾದರೂ ಪರಿಚಯದವರು ಇದ್ದಾರೆಯೇ ಎಂದು ಯೋಚಿಸಿದರು; ಬೇಕಾದ ಒಂದು ಕಡೆ ಮಾತ್ರ ಅವರಿಗೆ ಯಾರೂ ಇರಲಿಲ್ಲ. ಅತ್ತೆ ಕೈ ಮುಗಿದು ಕೇಳಿದರು. ಬಾಗಿಲಲ್ಲಿದ್ದ ಮೇಷ್ಟರು ಒಳ್ಳೆಯವರು, “ನನ್ನ ಕೈಲಿಲ್ಲ ಕಣಮ್ಮ” ಎಂದು ಮುಖ ತಗ್ಗಿಸಿದರು.

ಆ ಲೆಕ್ಚರರ್ ಹುದ್ದೆ ಬೇರೆಯವರಿಗೆ ಹೋಯಿತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅತ್ತೆ ಮತ್ತೆ ಕಟ್ಟಲಿಲ್ಲ. ಅದೇ ಶಾಲೆಯಲ್ಲಿ ಅದೇ ತರಗತಿಗಳಿಗೆ ಅದೇ ಪಾಠ ಹೇಳಿ, ಕೆಲವು ವರ್ಷಗಳ ಹಿಂದೆ ನಿವೃತ್ತರಾದರು. ಅವರ ಎಂ.ಎ. ಏನಾಯಿತು ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯವರು, “ಅವಳಿಗೆ ಯೋಗ ಇರ್ಲಿಲ್ಲ” ಎನ್ನುತ್ತಿದ್ದರು. ಯೋಗವಂತೆ! ಯೋಗ ಹತ್ತು ನಿಮಿಷಕ್ಕೊಂದರಂತೆ ಮೈಸೂರು ರಸ್ತೆಯಲ್ಲಿ ಹೋಗುತ್ತಿತ್ತು, ಕೆಂಪು ಬಣ್ಣ ಬಳಿದುಕೊಂಡು.

ಗೇಟಿನ ಹೊರಗೆ ಡ್ರೈವರು, “ಸಾರ್, ನಂದು ಇಲ್ಲಿಗೆ ಮುಗೀತು. ಬಳೆ ಇಳಿಸ್ಬೇಕು” ಎಂದು ಗಲಗಲ ಸದ್ದು ಮಾಡಿಕೊಂಡು ಹೊರಟುಹೋದ. ಮೂವರೂ ಬುತ್ತಿ, ತೆಂಗಿನಕಾಯಿ ಹಿಡಿದುಕೊಂಡು ಬೀದಿಯಲ್ಲಿ ನಿಂತರು. ಹೊಸ ಪ್ರಶ್ನೆ ಹುಟ್ಟಿತು, ಇಲ್ಲಿಂದ ಬೆಂಗಳೂರಿಗೆ ಕಾರು ಎಲ್ಲಿ ಮಾಡಬೇಕು? ಬೆಂಗಳೂರಿನ ಗಾಡಿ ಯಾವುದಾದರೂ ಖಾಲಿ ವಾಪಸ್ ಹೋಗುತ್ತಿರಬೇಕು, ವಿಚಾರಿಸೋಣ ಎಂದರು ಶೇಷಗಿರಿಯವರು. ನಂಜುಂಡ ಮಾವ ಬಾಗಿಲು ಹಾಕಿ ನೋಡದೆ ತಾವು ಹತ್ತುವುದಿಲ್ಲ ಎಂದರು. ಅಪ್ಪ ಅತ್ತೆಯ ಹತ್ತಿರ ಬಂದು, ಸಮಾಧಾನ ಹೇಳುವ ದನಿಯಲ್ಲಿ, “ಆಗಿದ್ದು ಆಯ್ತು ಬಿಡು ವಿಮಲಾ. ಹೇಗೂ ಬಂದಾಯ್ತಲ್ಲ, ಬೆಟ್ಟಕ್ಕೆ ಹೋಗಿ ತಾಯಿ ದರ್ಶನ ಮಾಡ್ಕೊಂಡು ಬರೋಣ” ಎಂದರು.

ಅಪ್ಪನನ್ನು ನಾನು ಪ್ರೀತಿಸುತ್ತಿದ್ದೆ. ಆ ಕ್ಷಣ ಮಾತ್ರ ಅವರನ್ನು ದ್ವೇಷಿಸಿದೆ.

ಅತ್ತೆ ಹೋಗಿ ಕಾಲೇಜಿನ ಮೆಟ್ಟಿಲ ಮೇಲೆ ಕೂತರು. ನಾನು, ಅಮ್ಮ ಪಕ್ಕದಲ್ಲಿ ಕೂತೆವು. ಪರೀಕ್ಷೆ ಮುಗಿಯುವ ತನಕ ಅವರು ಅಲ್ಲಿಂದ ಏಳಲಿಲ್ಲ. ಗಂಟೆ ಹೊಡೆದು ಜನ ಹೊರಗೆ ಬರತೊಡಗಿದಾಗ ಎದ್ದು ಹೋಗಿ ಒಬ್ಬ ಹೆಂಗಸಿನ ಹತ್ತಿರ ಪ್ರಶ್ನೆಪತ್ರಿಕೆ ಕೇಳಿದರು. ಆಕೆ, “ಇಟ್ಕೊಳ್ರೀ, ನಂಗೇನು, ಬರೆದಾಯ್ತಲ್ಲ” ಎಂದು ಕೊಟ್ಟು ಹೋದಳು. ಅತ್ತೆ ನಿಂತಲ್ಲೇ ಓದಿದರು. ಮೇಲಿನಿಂದ ಕೆಳಕ್ಕೆ ಒಂದು ಸಲ, ಮತ್ತೆ ಮೇಲಿನಿಂದ ಕೆಳಕ್ಕೆ. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಾ ಬರ್ತಿತ್ತು ಕಣೇ” ಎಂದರು.

ಅಮ್ಮ ಎದ್ದು ಸೆರಗು ಕೊಡವಿದಳು. ಯಾರನ್ನೂ ಕೇಳಲಿಲ್ಲ. ಅತ್ತೆಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ಸ್ವಲ್ಪ ದೂರದಿಂದ, “ಏ, ಎಲ್ಲಿಗೆ? ಇನ್ನೂ ವಿಚಾರಿಸ್ತಿದೀವಿ” ಎನ್ನುತ್ತ ಗಂಡಸರೂ ಬಂದರು.

ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾವು ಮೂವರು ಕೂತೆವು, ಕಿಟಕಿಯ ಪಕ್ಕ ಅತ್ತೆ. ಹಿಂದಿನ ಸೀಟಿನಲ್ಲಿ ಆ ಮೂವರು. ಬಸ್ಸು ಊರು ಬಿಡುವ ಮೊದಲೇ ಹಿಂದೆ ಶುರುವಾಯಿತು. ಚಾಮರಾಜಪೇಟೆಯ ಗಾಡಿ ಮಾಡಿದ್ದರೆ ಹನ್ನೆರಡಕ್ಕೇ ಮೈಸೂರಿನಲ್ಲಿರುತ್ತಿದ್ದೆವು. ಆ ತಗಡು ಗಾಡಿಯಲ್ಲಾ? ಬೀಡಿ ಸೇದುವವನಿಗಿಂತ ವಾಸಿ. ಅಲ್ಲ ರಾಯರೇ, ತಪ್ಪು ಗಾಡಿಯದಲ್ಲ.

ಅತ್ತೆ ಪ್ರಶ್ನೆಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಮೊದಲು ತುಟಿ ಮಾತ್ರ ಅಲುಗುತ್ತಿತ್ತು. ಆಮೇಲೆ ಸಣ್ಣ ದನಿ ಬಂತು. “ಮೊದಲನೇ ಪ್ರಶ್ನೆ. ಔಚಿತ್ಯ ಎಂದರೇನು, ವಿವರಿಸಿ” ಎಂದು ಓದಿದರು. ಓದಿ, ಕಿಟಕಿಯ ಆಚೆ ನೋಡುತ್ತ, ಪೀಠಿಕೆಯಿಂದ ಹಿಡಿದು ಒಂದೊಂದೇ ವಾಕ್ಯವನ್ನು ಬಿಡಿಸಿ ಹೇಳತೊಡಗಿದರು. ಎಲ್ಲಿ ಪ್ಯಾರಾ ಮುಗಿಯಬೇಕೋ ಅಲ್ಲಿ ನಿಲ್ಲಿಸುತ್ತಿದ್ದರು. ಉದಾಹರಣೆಗೆ ಕೊಡಬೇಕಾದ ಪದ್ಯವನ್ನು ಪೂರ್ತಿ ಹೇಳಿದರು, ತಪ್ಪಿಲ್ಲದೆ. ಕಾವ್ಯಮೀಮಾಂಸೆ ನನಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಎಲ್ಲೂ ನಡುಗಲಿಲ್ಲ.

ಹಿಂದಿನ ಸೀಟಿನಲ್ಲಿ ಅಪ್ಪ, “ಮುಂದಿನ ಸಲ ನೋಡಿ, ನಾನೇ ಖುದ್ದಾಗಿ ಹೋಗಿ ಕಾರು...” ಎಂದು ದನಿ ಎತ್ತರಿಸಿದರು.

ಅಮ್ಮ ಪೂರ್ತಿ ಹಿಂದಕ್ಕೆ ತಿರುಗಿದಳು. ಅಪ್ಪನ ಜೊತೆ ಅವಳು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ಬಾಯಿ ಮುಚ್ಕೊಂಡು ಕೂತ್ಕೊಳ್ರೀ. ವಿಮಲಾ ಪರೀಕ್ಷೆ ಬರೀತಿದಾಳೆ.”

ಹಿಂದಿನ ಸೀಟು ಸುಮ್ಮನಾಯಿತು. ಅತ್ತೆ ಕಣ್ಣೊರೆಸಿಕೊಂಡು ಎರಡನೆಯ ಪ್ರಶ್ನೆಗೆ ಹೋದರು.